ಗಿರಿಯ ಮೇಲೆ ಹರಾಜು

ವರ್ಗಾವಣೆಯ ಆದೇಶ ಬಂದ ದಿನದಿಂದ ಮನುಷ್ಯ ಒಳ್ಳೆಯವನಾಗಿಬಿಡುತ್ತಾನೆ. ನಮ್ಮ ಶಾಖೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಗ್ರಾಹಕರೊಬ್ಬರು ಮೈಕ್ ಹಿಡಿದು ನನ್ನನ್ನು ಅಜಾತಶತ್ರು ಅಂದರು. ಅವರ ಸಾಲದ ಅರ್ಜಿಯನ್ನು ನಾನು ಎರಡು ಸಲ ವಾಪಸ್ ಕಳಿಸಿದ್ದೆ. ಅವರು ಒಂದು ಸಲ ನನ್ನ ಮೇಲೆ ಮೇಲಿನವರಿಗೆ ದೂರು ಬರೆದಿದ್ದರು. ಆಮೇಲೆ ಮೈಸೂರು ಪೇಟ ತೊಡಿಸಿದರು. ಅದು ಹಣೆಯಲ್ಲಿ ನಿಲ್ಲದೆ ಜಾರಿ ಕಿವಿಯ ಮೇಲೆ ಬಂದು ಕೂತಿತು. ಒಂದು ಶಾಲು, ಒಂದು ಗಂಧದ ಹಾರ, ಬಣ್ಣದ ಕಾಗದ ಸುತ್ತಿದ ಒಂದು ಹಣ್ಣಿನ ಬುಟ್ಟಿ. ಮನೆಗೆ ಬಂದು ಬಿಚ್ಚಿದರೆ ಮೇಲಿನ ಒಂದು ಸಾಲು ಮಾತ್ರ ಹಣ್ಣು, ಕೆಳಗೆಲ್ಲ ಕತ್ತರಿಸಿದ ಪೇಪರು. "ಭಾಷಣಗಳೂ ಹೀಗೇ ಇತ್ತು" ಅಂದಳು ಹೆಂಡತಿ.

ಆದೇಶ ರಾಯಚೂರಿಗೆ. ಚಿಕ್ಕಮಗಳೂರಿನಿಂದ ಹೆಚ್ಚುಕಮ್ಮಿ 400 ಕಿಲೋಮೀಟರ್. ಆರು ವರ್ಷ ಸ್ವೆಟರ್ ಹಾಕಿಕೊಂಡೇ ಕಡತಗಳಿಗೆ ಸಹಿ ಮಾಡಿದವನನ್ನು ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಬಿಸಿಲಿಗೆ ಹಾಕಬೇಕು ಅಂತ ಯಾರೋ ಎಸಿ ಕೋಣೆಯಲ್ಲಿ ಕೂತು ಯೋಚಿಸಿದ್ದಾರೆ. ಅವರ ಬಗ್ಗೆ ನನಗೆ ಕೋಪವಿಲ್ಲ. ಬ್ಯಾಂಕಿನವರು ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಾಗಲೇ ಅದನ್ನು ಕೀಳುವ ದಿನವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಶಾಲು ಹೊದಿಸದವರು ಅಂತ ಊರಲ್ಲಿ ಉಳಿದದ್ದು ಮೂರೇ ಜನ. ಸಂಜೆ ಏಳಕ್ಕೆ ಶೆಟ್ಟರ ಮೆಡಿಕಲ್ ಶಾಪಿನ ಮುಂದಿನ ಬೆಂಚಿನ ಮೇಲೆ ಕೂರುವ ನಮ್ಮ ಬಳಗ. ಶೆಟ್ಟರು ಬೆಂಚಿನ ಮಾಲೀಕರು. ಗೌಡರಿಗೆ ಗಿರಿ ರಸ್ತೆಯಲ್ಲಿ ಎಂಟು ಎಕರೆ ಕಾಫಿ, ಎಂಬತ್ತು ಎಕರೆಗೆ ಆಗುವಷ್ಟು ಚಿಂತೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಿವೃತ್ತರಾದರೇ ಹೊರತು ಕಲಿಸುವುದನ್ನು ಬಿಟ್ಟಿಲ್ಲ.

"ನಿಮಗೆ ಶಾಲು ಗೀಲು ಹೊದಿಸೋದಿಲ್ಲ ಸಾರ್, ಗಿರಿ ಹತ್ತಿಸ್ತೀವಿ" ಅಂದರು ಗೌಡರು. ಸನ್ಮಾನವೋ ಶಿಕ್ಷೆಯೋ ಧ್ವನಿಯಿಂದ ತಿಳಿಯಲಿಲ್ಲ.

ಚಿಕ್ಕಮಗಳೂರಿನಲ್ಲಿ 'ಗಿರಿ' ಅಂದರೆ ಸಾಕು, ಯಾವ ಗಿರಿ ಅಂತ ಯಾರೂ ಕೇಳುವುದಿಲ್ಲ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಎಲ್ಲ ಸೇರಿ ಕುದುರೆ ಲಾಳದ ಹಾಗೆ, ಅರ್ಧಚಂದ್ರದ ಹಾಗೆ ಬಾಗಿ ನಿಂತಿರುವ ಚಂದ್ರದ್ರೋಣ ಪರ್ವತ. ನಾನು ಆರು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ, ಒಂದು ಸಲವೂ ನಡೆದಿಲ್ಲ. ನೆಂಟರು ಬರುತ್ತಾರೆ, ಅವರ ಕಾರಿನ ಹಿಂದಿನ ಸೀಟಿನಲ್ಲಿ ಮಡಿಲಲ್ಲೊಂದು ಮಗು ಕೂರಿಸಿಕೊಂಡು ಹೋಗುವುದು, ಕೈಮರದ ಚೆಕ್‌ಪೋಸ್ಟಿನಲ್ಲಿ ಕಾಯುವುದು, ಮೇಲೆ ಹೋಗಿ ಮಗುವಿಗೆ ಜೋಳ ಕೊಡಿಸುವುದು, ಇಳಿಯುವುದು. ನೆಂಟರಿಗೆ ಗಿರಿ ತೋರಿಸುವುದು ಈ ಊರಿನಲ್ಲಿ ಬಾಡಿಗೆ ಕರಾರಿನದೇ ಒಂದು ಷರತ್ತು. ಈಗ ಹೊರಡುವ ಮೊದಲು ಬೆಟ್ಟದ ಬೆನ್ನಿನ ಮೇಲೇ ನಡೆದು, ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯ ಕಡೆ ದಾಟಬೇಕು ಅಂತ ತೀರ್ಮಾನವಾಯಿತು. ನಾಲ್ಕು ಜನರ ವಯಸ್ಸು ಕೂಡಿದರೆ ಇನ್ನೂರ ಮೂವತ್ತು ದಾಟುತ್ತದೆ. ಮೊಣಕಾಲು ಎಂಟು, ನಂಬಿಕೆಗೆ ಅರ್ಹವಾದವು ಮೂರೋ ನಾಲ್ಕೋ.

ಜೂನ್ ಮೊದಲ ಭಾನುವಾರ. ರೋಹಿಣಿ ಮಳೆ ಹಿಡಿದಿತ್ತು. ಗೌಡರ ಜೀಪು ನಮ್ಮನ್ನು ಬೆಳಿಗ್ಗೆ ಆರೂವರೆಗೆ ಸರ್ಪದಾರಿಯ ಬುಡದಲ್ಲಿ ಇಳಿಸಿ, ಅತ್ತಿಗುಂಡಿಯಲ್ಲಿ ಕಾಯುತ್ತೇನೆಂದು ಹೋಯಿತು. ಸರ್ಪದಾರಿ ಹೆಸರಿಗೆ ತಕ್ಕ ಹಾಗೇ ಇದೆ. ಹಾವು ಬೆಟ್ಟ ಹತ್ತಲು ಹೊರಟು ನಡುವೆ ಮನಸ್ಸು ಬದಲಾಯಿಸಿ ಮತ್ತೆ ಹೊರಟ ಹಾಗೆ. ಒಂದೊಂದು ತಿರುವಿಗೂ ಶೆಟ್ಟರು ನಿಂತು "ಎಷ್ಟು ಚೆಂದ ನೋಡಿ" ಅನ್ನುತ್ತಿದ್ದರು. ನೋಡಲು ಏನೂ ಇರಲಿಲ್ಲ, ಬರೀ ಮಂಜು. ಅವರಿಗೆ ಉಸಿರು ತೆಗೆದುಕೊಳ್ಳಬೇಕಿತ್ತು ಅಷ್ಟೆ. ನಾವೂ ನಿಂತು ಚೆಂದ ಅಂದೆವು. ನಮಗೂ ಬೇಕಿತ್ತು.

ಮೂರನೆಯ ತಿರುವಿನಲ್ಲಿ ಗೌಡರು ಕೇಳಿದರು. "ಸಾರ್, ರಾಯಚೂರಲ್ಲಿ ಮಳೆ ಹೆಂಗೆ?"

"ಕಡಿಮೆ ಅಂತಾರೆ."

"ಹಂಗಾದ್ರೆ ಈ ಛತ್ರಿ ನಿಮಗೆ ಅಲ್ಲಿ ಯಾಕೆ?"

ನನ್ನ ಛತ್ರಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಗುಂಡಿ ಒತ್ತಿದರೆ ತೆರೆದುಕೊಂಡು ಗಾಳಿ ಬೀಸಿದರೆ ತಿರುಗಿಕೊಳ್ಳುವ ಜಾತಿಯದಲ್ಲ. ಕರೀ ಬಟ್ಟೆ, ಬಾಗಿದ ಬೆತ್ತದ ಹಿಡಿ, ದಪ್ಪ ಕಡ್ಡಿ. ಬಿಚ್ಚಿದರೆ ಮೂರು ಜನ ನಿಲ್ಲಬಹುದು. ಮಡಚಿದರೆ ಊರುಗೋಲು, ನಾಯಿ ಬಂದರೆ ಆಯುಧ, ಮೇಲಿನ ಕೊಂಬೆಯ ಪೇರಳೆಗೆ ಕೊಕ್ಕೆ. ಆರು ಮಳೆಗಾಲ ಬೆಂಚಿನಿಂದ ಮನೆಯವರೆಗೆ ನನ್ನನ್ನು ಒಣಗಿಸಿಯೇ ತಲುಪಿಸಿದೆ. ಗೌಡರು ಮಾತು ಮಾತಿನಲ್ಲೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಸಲ ಬಿಚ್ಚಿ, ಮಡಚಿ, ಊರಿಕೊಂಡು ಮುಂದೆ ನಡೆದರು. ನಾಲ್ಕನೆಯ ತಿರುವಿಗೆ ಅದು ಅವರದಾಗಿತ್ತು.

"ಇದೇನು ಗೌಡ್ರೇ, ಹರಾಜಾ?" ಅಂದೆ.

"ನಮ್ಮ ತೋಟಗಳಿಗೆ ನೀವು ಸರ್ಫೇಸಿ ಹಾಕ್ತೀರಲ್ಲ. ಈಗ ನಿಮ್ಮ ಛತ್ರಿಗೆ ನಾವು ಹಾಕ್ತೀವಿ."

ಈ ಜಿಲ್ಲೆಯಲ್ಲಿ ಬ್ಯಾಂಕಿನವನಿಗೆ ಬಾಯಿ ಕಟ್ಟಿಸಲು ಆ ಒಂದು ಪದ ಸಾಕು. 2002ರ ಆ ಕಾಯ್ದೆಯಲ್ಲಿ ಬ್ಯಾಂಕು ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಂಡು ಹರಾಜು ಹಾಕಬಹುದು. ಕೃಷಿ ಭೂಮಿಗೆ ವಿನಾಯಿತಿ ಇದೆ. ಆದರೆ ಕಾಫಿ ತೋಟ ಕೃಷಿ ಭೂಮಿಯೋ ಅಲ್ಲವೋ ಅನ್ನುವುದರ ಮೇಲೆ ನಮ್ಮ ಬೆಂಚಿನಲ್ಲಿ ನಡೆದಷ್ಟು ವಾದ ಯಾವ ನ್ಯಾಯಪೀಠದ ಮುಂದೆಯೂ ನಡೆದಿರಲಾರದು. ನಾನು ಕ್ಷೀಣವಾಗಿ ಹೇಳಿದೆ: "ಅದಕ್ಕೂ ಅರವತ್ತು ದಿನದ ನೋಟಿಸ್ ಕೊಡಬೇಕು ಗೌಡ್ರೇ."

"ವರ್ಗಾವಣೆ ಆರ್ಡರ್ ಬಂತಲ್ಲ, ಅದೇ ನೋಟಿಸು."

ಅಲ್ಲಿಂದ ಬಾಗಿಲು ತೆರೆಯಿತು. ಶೆಟ್ಟರು ರೂಮ್ ಹೀಟರಿಗೆ ಬಾಯಿ ಹಾಕಿದರು. ರಾಯಚೂರಿನಲ್ಲಿ ಹೀಟರ್ ಇಟ್ಟುಕೊಂಡವರನ್ನು ನೆರೆಹೊರೆಯವರು ವಿಚಾರಿಸಿಕೊಳ್ಳುತ್ತಾರೆ ಅನ್ನುವುದು ಅವರ ವಾದ. ಎರಡು ದಪ್ಪ ರಗ್ಗು, ಗಂಬೂಟು, ಬಟ್ಟೆ ಒಣಗಿಸುವ ಸ್ಟ್ಯಾಂಡು, ಹಿತ್ತಿಲಿನ ಸೀಳಿದ ಸೌದೆ ಎಲ್ಲವೂ ಮೆಟ್ಟಿಲು ಸಿಗುವ ಹೊತ್ತಿಗೆ ಇತ್ಯರ್ಥವಾದವು. ಅಡವಿಟ್ಟ ಚಿನ್ನದ ಹರಾಜನ್ನು ನಾನು ಎಷ್ಟೋ ಸಲ ಮುಂದೆ ನಿಂತು ನಡೆಸಿದ್ದೇನೆ. ಮೂಲೆಯಲ್ಲಿ ನಿಂತು ತನ್ನ ಬಳೆಯನ್ನು ಯಾರು ಕೂಗಿಕೊಂಡರು ಅಂತ ನೋಡುವವರ ಮುಖವನ್ನು ಆಗ ನಾನು ಸರಿಯಾಗಿ ನೋಡಿರಲಿಲ್ಲ.

ಮುಳ್ಳಯ್ಯನಗಿರಿಯ ನೆತ್ತಿ ಮುಟ್ಟಿದೆವು. 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಜಾಗ. ಅಲ್ಲಿಂದ ನನಗೆ ಕಂಡದ್ದು ಮುಳ್ಳಪ್ಪ ಸ್ವಾಮಿಯ ಗುಡಿಯ ಬಾಗಿಲು, ಶೆಟ್ಟರ ಬೆನ್ನು ಮತ್ತು ನನ್ನದೇ ಕನ್ನಡಕದ ಮೇಲಿನ ನೀರು. ಮಂಜು ಹಾಲಿನ ಕೆನೆಯ ಹಾಗೆ ಗಟ್ಟಿಯಾಗಿತ್ತು. ಮೇಷ್ಟ್ರು ಇಂಥದ್ದಕ್ಕೆಲ್ಲ ಎದೆಗುಂದುವವರಲ್ಲ. ಬಿಳಿ ಗೋಡೆಯ ಕಡೆ ಕೈ ತೋರಿಸಿ ಪಾಠ ಶುರು ಮಾಡಿದರು. "ಇಲ್ಲಿ ಕೆಳಗೆ ಹಿರೇಕೊಳಲೆ ಕೆರೆ. ಅಲ್ಲಿ, ಇನ್ನೂ ದೂರಕ್ಕೆ, ಕುದುರೆಮುಖದ ಸಾಲು. ಹಿಮಾಲಯ ಬಿಟ್ಟರೆ ನೀಲಗಿರಿಯವರೆಗೆ ಇದಕ್ಕಿಂತ ಎತ್ತರ ಇಲ್ಲ." ಅವರು ತೋರಿಸಿದ ಕಡೆಗೆಲ್ಲ ನಾವು ಕತ್ತು ತಿರುಗಿಸಿ, ಕಂಡಿತು ಅಂತ ತಲೆಯಾಡಿಸಿದೆವು. ಬೆಂಗಳೂರಿನ ಹುಡುಗರ ಗುಂಪೊಂದು ನಮ್ಮ ಹಿಂದೆ ಬಂದು ನಿಂತು, ಇವರಿಗೇನೋ ಕಾಣುತ್ತಿದೆ ಅಂತ ಅದೇ ದಿಕ್ಕಿಗೆ ಮೊಬೈಲು ಹಿಡಿದು ಹತ್ತು ಹದಿನೈದು ಫೋಟೊ ತೆಗೆದುಕೊಂಡಿತು.

ಗುಡಿಯ ಮರೆಯಲ್ಲಿ ಕೂತು ಗೌಡರ ಮನೆಯಿಂದ ಬಂದ ಅಕ್ಕಿ ರೊಟ್ಟಿ ಬಿಚ್ಚಿದೆವು. ಬಾಳೆ ಎಲೆಯಲ್ಲಿ ಸುತ್ತಿದ ಹನ್ನೆರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಿಡಿ ಉಪ್ಪಿನಕಾಯಿ. ಎಣ್ಣೆಗಾಯಿಯ ಮಸಾಲೆ ರೊಟ್ಟಿಯ ಸುಟ್ಟ ಕಲೆಗಳ ಮೇಲೆ ಹರಡಿ, ಎಲೆಯ ಬಾಡಿದ ವಾಸನೆ ಸೇರಿ, ಗಾಳಿಗೆ ಬೆರಳು ಮರಗಟ್ಟಿದ್ದರೂ ಯಾರೂ ಕೈಗೆ ಕರವಸ್ತ್ರ ಸುತ್ತಿಕೊಳ್ಳಲಿಲ್ಲ. ಅಷ್ಟು ಹೊತ್ತು ಮಾತ್ರ ಹರಾಜು ನಿಂತಿತ್ತು. ಹನ್ನೆರಡು ರೊಟ್ಟಿಯಲ್ಲಿ ನಾಲ್ಕು ಜನಕ್ಕೆ ತಲಾ ಮೂರು. ನನ್ನ ಎಲೆಯ ಮೇಲೆ ಮಾತ್ರ ನಾಲ್ಕಿತ್ತು. ಯಾರು ಎರಡಕ್ಕೇ ಎದ್ದರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಇಳಿದು ಮತ್ತೆ ಬೆಟ್ಟದ ಬೆನ್ನು ಹಿಡಿದೆವು. ಎರಡೂ ಕಡೆ ಹುಲ್ಲು ಜಾರಿ ಮಂಜಿನೊಳಕ್ಕೆ ಹೋಗಿಬಿಡುತ್ತದೆ. ಕಾಲುದಾರಿ ಒಂದು ಪಂಚೆಯ ಅಂಚಿನಷ್ಟು. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು ಕಪ್ಪಗೆ ಕೂತಿರುತ್ತದೆ. ಅಂಥ ಒಂದು ಕಾಡಿನ ಅಂಚು ದಾಟುವಾಗ ಇಂಬಳಗಳು ನಮ್ಮನ್ನು ಬರಮಾಡಿಕೊಂಡವು. ಬೀಳ್ಕೊಡುಗೆಗೆ ಇಷ್ಟು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ಶೆಟ್ಟರು ವೃತ್ತಿಗೆ ತಕ್ಕ ಹಾಗೆ ಡೆಟಾಲು, ಎರಡು ಬಗೆಯ ಮುಲಾಮು, ಸ್ಪ್ರೇ ಎಲ್ಲ ತಂದಿದ್ದರು. ಇಂಬಳಗಳು ಅದನ್ನೆಲ್ಲ ಒಗ್ಗರಣೆ ಅಂದುಕೊಂಡವೇನೋ. ಗೌಡರು ಸೊಂಟದಿಂದ ಹೊಗೆಸೊಪ್ಪು-ಸುಣ್ಣದ ಗಂಟು ತೆಗೆದು ಕಾಲಿಗೆ ಉಜ್ಜಿಕೊಂಡು ನಿಶ್ಚಿಂತರಾದರು.

ಇಂಬಳ ಸಭ್ಯ ಪ್ರಾಣಿ. ಕಚ್ಚಿದ್ದು ಗೊತ್ತಾಗದ ಹಾಗೆ ಕಚ್ಚುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ, ಅದಕ್ಕೇ ಅದು ಬಿಟ್ಟುಹೋದ ಮೇಲೂ ಗಂಟೆಗಟ್ಟಲೆ ಜಿನುಗುತ್ತದೆ ಅಂತ ಶೆಟ್ಟರು ವಿವರಿಸಿದರು.

"ಗೊತ್ತಾಯ್ತು ಬಿಡಿ ಮಾರಾಯ್ರೆ" ಅಂದರು ಗೌಡರು. "ಬ್ಯಾಂಕಿನ ಎಸ್ಸೆಮ್ಮೆಸ್ ಚಾರ್ಜು."

ಆಮೇಲೆ ದಾರಿ ತಪ್ಪಿತು. ಮೇಷ್ಟ್ರು ಮುಂದೆ ಇದ್ದರು ಅಂತ ಬೇರೆ ಹೇಳಬೇಕಿಲ್ಲ. ದಿಕ್ಸೂಚಿ ಬೇಡ, ಹುಲ್ಲು ಯಾವ ಕಡೆ ಮಲಗಿದೆ ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ, ನೈಋತ್ಯ ಮಾರುತ ನೈಋತ್ಯದಿಂದಲೇ ತಾನೆ ಬರಬೇಕು ಅಂತ ಅವರು ಖಚಿತವಾಗಿ ನಡೆದರು. ಮುಕ್ಕಾಲು ಗಂಟೆ ನಡೆದ ಮೇಲೆ ಒಂದು ಬಂಡೆ ಸಿಕ್ಕಿತು. ಬಂಡೆಯ ಸಂದಿಯಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆ. ನಮಗಿಂತ ಮುಂದೆ ಯಾರೋ ಹೋಗಿದ್ದಾರೆ, ದಾರಿ ಸರಿಯಿದೆ ಅಂತ ಮೇಷ್ಟ್ರು ಸಮಾಧಾನಪಟ್ಟರು. ಶೆಟ್ಟರು ಬಗ್ಗಿ ನೋಡಿ, "ಇದು ನಾನು ತಿಂದ ಏಲಕ್ಕಿ ಬಾಳೆ" ಅಂದರು. ಯಾವುದೋ ದಿಬ್ಬವನ್ನು ನಾವು ಭಕ್ತಿಯಿಂದ ಒಂದು ಪ್ರದಕ್ಷಿಣೆ ಹಾಕಿ ಬಂದಿದ್ದೆವು. ಮೇಷ್ಟ್ರು ಸಿಪ್ಪೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಕಂಡಕಂಡಲ್ಲಿ ಎಸೆಯಬಾರದು ಅಂತ ಶೆಟ್ಟರಿಗೆ ಬೈದರು. ನಾಯಕತ್ವ ಗೌಡರಿಗೆ, ಅಂದರೆ ನನ್ನ ಛತ್ರಿಗೆ ಹೋಯಿತು.

ಅಲ್ಲೇ ಕೂತು ದಣಿವಾರಿಸಿಕೊಳ್ಳುವಾಗ ಸುತ್ತ ಕುರುಚಲು ಗಿಡಗಳು ಕಂಡವು. ಕುರಿಂಜಿ. 2022ರ ಮಳೆಗಾಲದ ಕೊನೆಗೆ ಇದೇ ಸಾಲು ನೀಲಿಯಾಗಿ ಅರಳಿ, ಇಡೀ ರಾಜ್ಯದ ಕಾರುಗಳು ಇಲ್ಲಿ ಬಂದು ನಿಂತಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು. ಹಾಗಾಗಿ ಮುಂದಿನದು 2034.

"ಸೆಪ್ಟೆಂಬರ್ ಕೊನೇ ವಾರ ಅಂತ ಬರ್ಕೊಳ್ಳಿ" ಅಂದರು ಮೇಷ್ಟ್ರು. "ಆಗ ನಿಮಗೆ ರಿಟೈರ್ ಆಗಿ ಎರಡು ವರ್ಷ. ರಜೆ ಸಿಗಲಿಲ್ಲ ಅನ್ನೋ ಹಾಗಿಲ್ಲ."

"ಮೇಷ್ಟ್ರೇ, ಆಗ ನಿಮಗೆ ಎಪ್ಪತ್ತು ದಾಟಿರುತ್ತಲ್ಲ."

"ಅದಕ್ಕೇ ಈಗಲೇ ಹೇಳ್ತಿರೋದು. ಜೀಪಲ್ಲಿ ಬರೋಣ."

ನಮ್ಮ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯ ಗರಿಷ್ಠ ಅವಧಿ ಹತ್ತು ವರ್ಷ. ಹನ್ನೆರಡು ವರ್ಷಕ್ಕೆ ಠೇವಣಿ ಇಡುವ ಧೈರ್ಯ ಕುರಿಂಜಿಗೆ ಮತ್ತು ಭೂಗೋಳದ ಮೇಷ್ಟ್ರಿಗೆ ಮಾತ್ರ. ನಾನು ಮೊಬೈಲಿನಲ್ಲಿ ಬರೆದುಕೊಂಡೆ.

ಹರಾಜು ಮತ್ತೆ ಶುರುವಾಯಿತು. ಮೇಷ್ಟ್ರು ಇಷ್ಟು ಹೊತ್ತು ಏನೂ ಕೇಳದವರು ಗಂಟಲು ಸರಿಮಾಡಿಕೊಂಡು, ನಮ್ಮ ಜಗಲಿಯಲ್ಲಿ ಮರದ ತುಂಡಿಗೆ ಕಟ್ಟಿ ತೂಗುಹಾಕಿದ ಸೀತಾಳೆ ದಂಡೆಯ ಪ್ರಸ್ತಾಪ ತೆಗೆದರು. ಅದು ಆಗ ಹೂ ಬಿಟ್ಟಿತ್ತು. ನರಿಬಾಲದ ಹಾಗೆ ಗೊನೆ ಗೊನೆ ಇಳಿದ ತಿಳಿ ಗುಲಾಬಿ. ಬಯಲುಸೀಮೆಯ ಬಿಸಿಲಿಗೆ ಅದು ವಾರ ಬದುಕಲಾರದು ಅನ್ನುವುದು ನನಗೂ ಗೊತ್ತಿತ್ತು. ಆದರೂ ಛತ್ರಿ ಹೋದಾಗ ಇರದಿದ್ದ ಸಂಕಟ ಈಗ ಆಯಿತು. ನಾನು ಸ್ವಲ್ಪ ಗಡುಸಾಗಿ, "ಇನ್ನೇನು ಉಳಿದಿದೆ ಅಂತ ಒಂದೇ ಸಲ ಹೇಳಿಬಿಡಿ" ಅಂದೆ.

ಗೌಡರು ಜೇಬಿನಿಂದ ಒಂದು ಪಟ್ಟಿ ತೆಗೆದರು. ನಾಲ್ಕಾಗಿ ಮಡಚಿದ ರೂಲು ಹಾಳೆ. ಹೀಟರು, ರಗ್ಗು ಎರಡು, ಗಂಬೂಟು, ಸ್ಟ್ಯಾಂಡು, ಸೌದೆ, ಸೀತಾಳೆ, ಒಳಕಲ್ಲು. ಮುಂದೆ ಯಾರಿಗೆ ಯಾವುದು ಅಂತ ಹೆಸರು. ಅಕ್ಷರ ನನ್ನ ಹೆಂಡತಿಯದು.

"ಅಕ್ಕನವರೇ ಕೊಟ್ಟಿದ್ದು" ಅಂದರು ಶೆಟ್ಟರು. "ಲಾರಿ ಬಾಡಿಗೆ ವಿಪರೀತ ಹೇಳ್ತಿದಾರಂತೆ. ನೀವು ಒಂದನ್ನೂ ಬಿಡೋದಿಲ್ಲ ಅಂತ, ನಾವೇ ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನೋದಿಲ್ಲ ಅಂತ."

ಆರು ವರ್ಷ ಸಾಲ ಮಂಜೂರಾತಿ ಮಾಡಿದವನಿಗೆ ಮನೆಯೊಳಗಿನ ಕಡತ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಗೌಡರು ಗಿರಿಯ ಇತಿಹಾಸದಿಂದಲೇ ಸಮಾಧಾನ ಹೇಳಿದರು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ ಈ ಬೆಟ್ಟಕ್ಕೆ ಬಂದಾಗ ತಂದದ್ದು ಏಳು ಕಾಫಿ ಬೀಜ ಅಂತ ಕಥೆ. "ಅಷ್ಟರಲ್ಲಿ ಇಡೀ ಜಿಲ್ಲೆ ಬದುಕ್ತಿದೆ. ನಿಮಗೆ ಒಂದು ರಾಯಚೂರಿಗೆ ಹೋಗೋಕೆ ಲಾರಿ ಬೇಕಾ ಸಾರ್?"

ಮೇಷ್ಟ್ರೂ ಸೇರಿಕೊಂಡರು. ರಾಯಚೂರನ್ನು ಕಡಿಮೆ ಅಂದುಕೊಳ್ಳಬೇಡಿ, ಅಲ್ಲೂ ಬೆಟ್ಟವಿದೆ, ಬೆಟ್ಟದ ಮೇಲೆ ಕೋಟೆಯಿದೆ, ಕೋಟೆಯ ಗೋಡೆಯಲ್ಲಿ 1294ರ ಶಾಸನವಿದೆ, ಅದನ್ನು ಕೆತ್ತಿದ ಒಂದೇ ಕಲ್ಲು 41 ಅಡಿ ಉದ್ದ. ಹೋದ ವಾರವೇ ಹೋಗಿ ನೋಡಿಬಂದವರಂತೆ ಹೇಳಿದರು. ಅವರು ರಾಯಚೂರಿಗೆ ಯಾವತ್ತೂ ಹೋದವರಲ್ಲ. ನನ್ನ ಆದೇಶ ಬಂದ ಮೇಲೆ ಓದಿಕೊಂಡಿದ್ದರು.

ಮಧ್ಯಾಹ್ನ ಎರಡರ ಹೊತ್ತಿಗೆ ಒಂದೇ ಒಂದು ಸಲ, ಐದು ನಿಮಿಷ, ಮಂಜು ಹರಿಯಿತು. ನಾವು ನಡೆದು ಬಂದ ಬೆನ್ನು ಪೂರ್ತಿ ಕಂಡಿತು. ಹಸಿರು, ಒದ್ದೆ, ಅಲ್ಲಲ್ಲಿ ಮೋಡದ ನೆರಳು. ಮುಳ್ಳಯ್ಯನಗಿರಿಯ ಗುಡಿ ದೂರದಲ್ಲಿ ಒಂದು ಅಕ್ಕಿಕಾಳಿನಷ್ಟು. ಯಾರೂ ಫೋಟೊ ತೆಗೆಯಲಿಲ್ಲ. ನನ್ನ ಮೊಬೈಲು ಶೆಟ್ಟರ ಚೀಲದಲ್ಲಿ ಡೆಟಾಲಿನ ಜತೆಗಿತ್ತು. ಮೇಷ್ಟ್ರು, "ಇನ್ನು ಸಂಜೆ ಹೊತ್ತು..." ಅಂತ ಏನೋ ಶುರು ಮಾಡಿ ನಿಲ್ಲಿಸಿದರು. ಗೌಡರು ಆ ಮಾತನ್ನು ಬೇರೆ ಕಡೆಗೆ ತಿರುಗಿಸಲು ಅಂತಲೇ, "ಹೌದು ಶೆಟ್ರೇ, ಬೆಂಚಲ್ಲಿ ಇವರ ಜಾಗ ಯಾರಿಗೆ?" ಅಂದರು.

ಶೆಟ್ಟರು ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. "ಅದು ಹರಾಜಿಗಿಲ್ಲ. ಅಡವಿಟ್ಟಿದ್ದು."

ಮಂಜು ಮತ್ತೆ ಮುಚ್ಚಿತು.

ಅತ್ತಿಗುಂಡಿಯಲ್ಲಿ ಜೀಪು ಸಿಕ್ಕಿತು. ಬಂದದ್ದೇ ಬಂದೆವು ಅಂತ ಮಾಣಿಕ್ಯಧಾರಾಕ್ಕೂ ಹೋದೆವು. ಅಲ್ಲಿ ನೀರಿಗೆ ತಲೆಯೊಡ್ಡಿದವರು ಮೈಮೇಲಿನ ಒಂದು ಬಟ್ಟೆ ಬಿಟ್ಟು ಹೋಗುವ ಪದ್ಧತಿ ಇದೆ. ಅದರ ಜತೆ ಪೀಡೆಯೂ ಹೋಗುತ್ತದಂತೆ. ನನ್ನ ಹೆಗಲ ಮೇಲೆ ಬೀಳ್ಕೊಡುಗೆಯ ಶಾಲಿತ್ತು. ಬಿಡೋಣವೇ ಅಂತ ನೋಡಿದೆ. ಮೇಷ್ಟ್ರು ಅಡ್ಡ ನಿಂತರು: ಹೀಗೆ ಬಿಟ್ಟ ಬಟ್ಟೆಗಳೇ ಕಾಡಿನಲ್ಲಿ ರಾಶಿ ಬೀಳುತ್ತವೆ, ನಿಮ್ಮ ಪೀಡೆಯನ್ನು ನೀವೇ ರಾಯಚೂರಿಗೆ ಒಯ್ಯಿರಿ. ವಾಪಸ್ ಬರುವಾಗ ಜೀಪಿನ ಹುಡುಗ ನಡುಗುತ್ತಿದ್ದ. ಶಾಲು ಅವನಿಗೆ ಹೋಯಿತು. ಪಟ್ಟಿಯಲ್ಲಿಲ್ಲದ ಆ ಒಂದನ್ನು ಮಾತ್ರ ನಾನಾಗಿ ಕೊಟ್ಟೆ.

ರಾಯಚೂರಿಗೆ ಬಂದು ಹತ್ತು ದಿನವಾಯಿತು. ಸಾಮಾನು ಒಂದು ಸಣ್ಣ ಗಾಡಿಯಲ್ಲೇ ಬಂತು. ಚಿಕ್ಕಮಗಳೂರಿನಿಂದ ನನ್ನ ಜತೆಗೇ ಬಂದು ಉಳಿದದ್ದು ಒಂದು ಇಂಬಳ, ಅದೂ ಎಡಗಾಲಿನ ಬೂಟಿನೊಳಗೆ ಒಣಗಿ ಉದ್ದಿನಕಾಳಿನಷ್ಟಾಗಿತ್ತು. ಜನ ಒಳ್ಳೆಯವರು, ಮೊದಲ ದಿನವೇ ಪಕ್ಕದ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ಸಂಜೆ ಏಳಕ್ಕೆ ಮೇಷ್ಟ್ರ ಫೋನು ಬರುತ್ತದೆ; ಶಾಸನ ನೋಡಿದಿರಾ ಅಂತ ಕೇಳುತ್ತಾರೆ. ಹೋಗಲು ಬಿಸಿಲು ಬಿಡುತ್ತಿಲ್ಲ. ಇವತ್ತು 40 ಡಿಗ್ರಿ. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ನೋಡಿದೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅರ್ಧ ಊರು ಛತ್ರಿ ಹಿಡಿದುಕೊಂಡೇ ಓಡಾಡುತ್ತದೆ.

ಗೌಡರೇ, ಆ ಪಟ್ಟಿಯನ್ನು ಹೆಂಡತಿಯ ಹತ್ತಿರ ಕೂತು ಇನ್ನೊಮ್ಮೆ ವಿಚಾರಿಸಿದೆ. ಛತ್ರಿ ಅದರಲ್ಲಿ ಇರಲೇ ಇಲ್ಲ. ದಯವಿಟ್ಟು ಕಳಿಸಿಕೊಡಿ. ಪಾರ್ಸೆಲ್ ಖರ್ಚು ನನ್ನದು.